ನೆರಳಿನ ಮುನ್ಸೂಚನೆ

ಬೆಳಗಿನ ಎಂಟರ ರೇಡಿಯೊ ಕರೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನೇದ್ಯಾಲ್ಕಾ ‘ಮೋಡ ತೆರವಾಗುವ ಸಾಧ್ಯತೆ ಇದೆ’ ಎಂದು ಬರೆದಳು, ಹೊಡೆದುಹಾಕಿದಳು, ‘ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ’ ಎಂದು ಬರೆದಳು, ತಾನೇ ಓದಿಕೊಂಡು, ಥೂ ಎಂದು ಪೆನ್ಸಿಲನ್ನು ಮೇಜಿನ ಮೇಲೆ ಒಗೆದಳು. ಹದಿನೇಳು ವರ್ಷದಿಂದ ಹವಾಮಾನ ಹೇಳಿಕೊಂಡು ಬಂದ ಹೆಂಗಸು. ಈ ಒಂದು ವರ್ಷದಲ್ಲಿ ಮಾತ್ರ ಹೇಳಬೇಕಾದ್ದನ್ನು ಹೇಳದೆ ನುಣುಚಿಕೊಳ್ಳುವುದರಲ್ಲಿ ಎಷ್ಟು ಪಳಗಿಬಿಟ್ಟಿದ್ದಳೆಂದರೆ, ಅವಳ ಮುನ್ಸೂಚನೆ ಓದಿದವನಿಗೆ ಓದುವ ಮುಂಚೆ ಗೊತ್ತಿದ್ದುದೂ ಮರೆತುಹೋಗಬೇಕು. ನಿನ್ನೆ ಊಟದ ಮನೆಯ ಹಲಗೆಯ ಮೇಲೆ ‘ಮೋಡ ಹೆಚ್ಚಬಹುದು ಅಥವಾ ಕಡಿಮೆಯಾಗಬಹುದು’ ಎಂದು ಬರೆದು ಬಂದಿದ್ದಳು. ಮಧ್ಯಾಹ್ನ ಹೋಗಿ ನೋಡಿದರೆ ಅದರ ಕೆಳಗೆ ‘ಅಥವಾ ಬುಧವಾರವಾಗಬಹುದು’ ಎಂದು ಯಾರೋ ಗೀಚಿದ್ದರು. ಅಡುಗೆಯ ಮುದುಕ ಬಾಯ್ ಕೊಯ್ಚೊನ ಕೈಬರಹ ಅದು (ನಮ್ಮಲ್ಲಿ ‘ಬಾಯ್’ ಎಂದರೆ ಹಿರಿಯಣ್ಣ), ಅಕ್ಷರದ ಬಾಲಕ್ಕೆ ಹಿಟ್ಟು ಮೆತ್ತಿಕೊಂಡಿತ್ತು. ಎಲ್ಲರೂ ನಕ್ಕರು, ಅವಳೂ ನಕ್ಕಳು, ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚಾಗಿಯೇ ನಕ್ಕಳು. ಆಮೇಲೆ ಕೋಣೆಗೆ ಬಂದು ಕೂತಾಗ ಅಂಗೈಯಲ್ಲಿ ಉಗುರಿನ ನಾಲ್ಕು ಗುರುತು ಮೂಡಿದ್ದು ಕಂಡಿತು.

ಹಿಮಖಂಡದ ಅಂಚಿನ ಈ ಸಂಶೋಧನಾ ನೆಲೆಯ ಕಿಟಕಿಯಾಚೆ ಮೂರು ದಿನದಿಂದ ಬರೀ ಬಿಳಿ. ಸಮುದ್ರ ಇಲ್ಲ, ಬೆಟ್ಟ ಇಲ್ಲ, ಇಪ್ಪತ್ತು ಹೆಜ್ಜೆ ದೂರದ ಡೀಸೆಲ್ ಪೀಪಾಯಿಗಳೂ ಇಲ್ಲ. ಈ ಬಿಳಿಯಲ್ಲಿ, ಬೆಟ್ಟಸಾಲಿನ ಆಚೆ, ಹಿಮನದಿಯ ಮೇಲೆ ಇಪ್ಪತ್ನಾಲ್ಕು ಕಿಲೋಮೀಟರ್ ದೂರದಲ್ಲಿ ಎರಡು ಡೇರೆ, ನಾಲ್ಕು ಜನ. ಅವರಲ್ಲಿ ಎಲಿತ್ಸಾ ಎಂಬವಳ ಹಲ್ಲಿನ ಬುಡ ಕೀತು ದವಡೆ ಊದಿ, ನಿನ್ನೆಯಿಂದ ಬಾಯಿ ಬೆರಳಗಲ ಮಾತ್ರ ತೆರೆಯುತ್ತಿತ್ತು. ಊತ ಗಂಟಲಿಗಿಳಿದರೆ ಉಸಿರಿಗೇ ಸಂಚಕಾರ, ನಾಳೆಯವರೆಗೆ ಕಾಯುವಂತಿಲ್ಲ ಎಂದು ನೆಲೆಯ ಡಾಕ್ಟರು ಹೇಳಿಯಾಗಿತ್ತು. ಅವಳನ್ನು ಆಸ್ಪತ್ರೆಯಿರುವ ಊರಿಗೆ ಕರೆದೊಯ್ಯಬೇಕಾದ ಹಡಗು ಕೊಲ್ಲಿಯಲ್ಲಿ ನಿಂತಿತ್ತು. ದೊಡ್ಡ ಗಾಳಿ ಬರಲಿದೆ, ಇವತ್ತು ಸಂಜೆ ಐದಕ್ಕೆ ಲಂಗರು ಎತ್ತುತ್ತೇನೆ ಎಂದು ಕಪ್ತಾನ ಖಂಡಿತವಾಗಿ ತಿಳಿಸಿದ್ದ. ಉಳಿದದ್ದು ಒಂದೇ ಪ್ರಶ್ನೆ, ಅದು ನೇದ್ಯಾಲ್ಕಾಳ ಮುಂದಿನ ಹಾಳೆಯ ಕೊನೆಯ ಚೌಕದಲ್ಲಿ ಖಾಲಿ ಕೂತಿತ್ತು: ನೆರಳು ಯಾವಾಗ?

ಶಿಬಿರದವರಿಗೆ ಬೇಕಾದ್ದು ಚಳಿ ಎಷ್ಟು, ಗಾಳಿ ಎಷ್ಟು ಎಂಬುದಲ್ಲ. ಚಳಿಗೆ ಕೋಟಿದೆ, ಗಾಳಿಗೆ ಬೆನ್ನಿದೆ. ಆದರೆ ಹಿಮನದಿಯ ಉದ್ದಕ್ಕೂ ಆಳವಾದ ಬಿರುಕುಗಳು, ಅವುಗಳ ಬಾಯಿಗೆ ತೆಳ್ಳಗೆ ಹಿಮದ ಮುಚ್ಚಳ. ಮುಚ್ಚಳ ಕೊಂಚ ತಗ್ಗಿರುತ್ತದೆ, ಅಷ್ಟೇ ಗುರುತು. ಬಿಸಿಲಿದ್ದರೆ ಆ ತಗ್ಗಿನಲ್ಲಿ ತೆಳುನೀಲಿ ನೆರಳಿನ ಗೆರೆ ಕಾಣುತ್ತದೆ, ಸುತ್ತಿ ಹೋಗಬಹುದು. ಮೋಡ ಕವಿದರೆ ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮ ಬೀಳುತ್ತದೆ. ನೆಲ ಯಾವುದು, ಆಕಾಶ ಯಾವುದು, ಹೊಂಡ ಯಾವುದು, ದೇವರಿಗೇ ಗೊತ್ತು. ಹಾಗಾಗಿ ನಮ್ಮವರು ದಿನಕ್ಕೆ ಮೂರು ಸಲ ಡೇರೆಯ ಮುಂದೆ ಸಲಿಕೆ ನೆಟ್ಟು, ಇಪ್ಪತ್ತು ಹೆಜ್ಜೆ ಹಿಂದೆ ಸರಿದು, ಅದಕ್ಕೆ ನೆರಳಿದೆಯೋ ಎಂದು ನೋಡುತ್ತಾರೆ. ಏನೂ ಇಲ್ಲದಿದ್ದರೆ ಸೊನ್ನೆ. ಇದೆಯೋ ಇಲ್ಲವೋ ಎನ್ನುವಂತಿದ್ದರೆ ಒಂದು. ಇದ್ದರೆ ಎರಡು. ಅಂಚು ಚಾಕುವಿನಂತಿದ್ದರೆ ಮೂರು. ಎರಡಕ್ಕಿಂತ ಕಡಿಮೆಯಿದ್ದಾಗ ಯಾರೂ ಹೊರಡುವಂತಿಲ್ಲ.

ಮತ್ತು ಎಲ್ಲರೂ ಒಂದು ಸೇರಿಸಿ ಹೇಳುತ್ತಾರೆ. ಇದು ಯಾವ ನಿಯಮಾವಳಿಯಲ್ಲೂ ಇಲ್ಲ. ಮೂರು ವಾರ ಡೇರೆಯಲ್ಲಿ ಕೊಳೆತವನಿಗೆ ಬಿಸಿನೀರು, ಒಣಗಿದ ಹಾಸಿಗೆ, ಬಾಯ್ ಕೊಯ್ಚೊ ಸುಡುವ ಪದರುರೊಟ್ಟಿ ಬಾನಿತ್ಸಾದ ಬಿಸಿ ಚೀಸು ಕಣ್ಣಮುಂದೆ ಕುಣಿಯುತ್ತಿರುವಾಗ, ಒಂದು ಎಂದು ಹೇಳಬೇಕಾದ ನಾಲಿಗೆ ತಾನಾಗಿ ಎರಡು ಎಂದುಬಿಡುತ್ತದೆ. ಅದು ಸುಳ್ಳಲ್ಲ, ಆಸೆ. ಹವಾಮಾನದವರಿಗೆ ಇದು ಗೊತ್ತು. ಅವರು ಮಾತಿಲ್ಲದೆ ಒಂದು ಕಳೆಯುತ್ತಾರೆ. ಹೀಗೆ ಒಬ್ಬರು ಸೇರಿಸಿ ಒಬ್ಬರು ಕಳೆದು ವರ್ಷಾನುಗಟ್ಟಲೆ ಸಂಸಾರ ನಡೆದಿತ್ತು. ಹೋದ ವರ್ಷ ಜನವರಿ ಹತ್ತೊಂಬತ್ತರಂದು ಶಿಬಿರದ ಮುಖಂಡ ಪ್ರೋದಾನ್ ‘ಎರಡು’ ಎಂದ. ನೇದ್ಯಾಲ್ಕಾ ಕಳೆಯಲಿಲ್ಲ. ಅಂದು ನೆಲೆಗೆ ಊರಿನಿಂದ ನಾಲ್ವರು ದೊಡ್ಡ ಮನುಷ್ಯರು ಬಂದಿದ್ದರು, ತಿಂಡಿಯ ಹೊತ್ತಿನಲ್ಲಿ ಒಬ್ಬರು ನಗುತ್ತಾ ‘ಏನಮ್ಮಾ, ಇವತ್ತಾದರೂ ತೆರೆಯುತ್ತದೋ?’ ಎಂದಿದ್ದರು, ಅವಳು ಟೀ ಲೋಟ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ, ‘ಹತ್ತಕ್ಕೆ ತೆರೆಯುತ್ತದೆ’ ಎಂದುಬಿಟ್ಟಿದ್ದಳು. ಹತ್ತಕ್ಕೆ ಪ್ರೋದಾನನ ಎರಡು ಬಂತು. ಕಳೆದರೆ ಒಂದು, ಒಂದಾದರೆ ತನ್ನ ಮಾತು ಬಿತ್ತು. ಪೆನ್ಸಿಲ್ ಅರೆಗಳಿಗೆ ನಿಂತದ್ದು ಅವಳಿಗೆ ಈಗಲೂ ನೆನಪಿದೆ. ನಿಂತು, ಎರಡು ಎಂದೇ ಬರೆಯಿತು. ಹನ್ನೊಂದೂ ಕಾಲಿಗೆ ಸ್ತಾನ್ಯೊ ಓಡಿಸುತ್ತಿದ್ದ ಹಿಮಗಾಡಿ ಒಂಬತ್ತು ಮೀಟರ್ ಆಳಕ್ಕೆ ಹೋಯಿತು.

ಅದೇ ಸ್ತಾನ್ಯೊ ಈಗ ಅವಳ ಪಕ್ಕದ ಕುರ್ಚಿಯಲ್ಲಿ ಕೂತು ರೇಡಿಯೊದ ತಿರುಗಣೆಯನ್ನು ಒರೆಸುತ್ತಿದ್ದ. ಕಾಲಿಗೆ ಎರಡು ಕಡೆ ಸಲಾಕೆ ಹಾಕಿದ್ದರು; ಹಿಮದ ಮೇಲೆ ಇನ್ನು ಕಳಿಸುವುದಿಲ್ಲ ಎಂದಾಗ, ಹಾಗಾದರೆ ರೇಡಿಯೊಕ್ಕಾದರೂ ಹಾಕಿ ಎಂದು ಗೋಗರೆದು ಮತ್ತೆ ಬಂದಿದ್ದ. ರಾಜಧಾನಿ ಸೋಫಿಯಾದಲ್ಲಿ ನಡೆದ ವಿಚಾರಣೆಯಲ್ಲಿ ಕಾಗದಗಳು ಚೊಕ್ಕವಾಗಿದ್ದವು: ಶಿಬಿರದಿಂದ ಬಂದದ್ದು ಎರಡು, ನೆಲೆಯಲ್ಲಿ ದಾಖಲಾದದ್ದು ಎರಡು. ಪ್ರೋದಾನನನ್ನು ಒಂದೂವರೆ ಗಂಟೆ ನಿಲ್ಲಿಸಿ ಕೇಳಿ, ಲಿಖಿತ ಎಚ್ಚರಿಕೆ ಕೊಟ್ಟರು. ಅವಳ ದಾಖಲೆಯ ಅಚ್ಚುಕಟ್ಟುತನಕ್ಕೆ ಮೆಚ್ಚುಗೆಯ ಎರಡು ಸಾಲು ಬಂತು. ಆಸ್ಪತ್ರೆಯಲ್ಲಿ ಮೂರು ಭಾನುವಾರ ಸ್ತಾನ್ಯೊನ ಹಾಸಿಗೆ ಪಕ್ಕ ಕೂತಿದ್ದಳು, ಪ್ರತಿ ಸಲವೂ ಹೇಳಿಬಿಡುತ್ತೇನೆಂದು ಹೋಗಿ, ಕಿತ್ತಳೆ ಸುಲಿದು ಕೊಟ್ಟು ಬಂದಿದ್ದಳು. ಮಾರ್ಚಿನಲ್ಲಿ ಅವನ ತಾಯಿ, ಮಗನ ಹತ್ತಿರ ಕೂತ ಪುಣ್ಯಾತ್ಗಿತ್ತಿಗೆ ಎಂದು, ಸುಟ್ಟ ಕೆಂಪು ಮೆಣಸಿನಕಾಯಿಯ ಗೊಜ್ಜು ಒಂದು ದೊಡ್ಡ ಭರಣಿ ಕಳಿಸಿದ್ದಳು. ನೇದ್ಯಾಲ್ಕಾ ಅದನ್ನು ತಿನ್ನಲಾರದೆ ಪಕ್ಕದ ಮನೆಯವರಿಗೆ ಕೊಟ್ಟಳು. ಅವರು ಚಪ್ಪರಿಸಿ ತಿಂದು, ಮಾಡುವ ಬಗೆ ಕೇಳಿ ಬರೆಸಿಕೊಡು ಎಂದು ದುಂಬಾಲು ಬಿದ್ದರು.

“ಎಂಟಾಯ್ತು,” ಎಂದ ಸ್ತಾನ್ಯೊ.

ಪ್ರೋದಾನನ ದನಿ ಕರಕರ ಸದ್ದಿನ ನಡುವೆ ಬಂತು. ಗಾಳಿ ವಾಯವ್ಯದಿಂದ, ಜೋರಾಗುತ್ತಿದೆ. ವಾಯುಭಾರ ಇಳಿಯುತ್ತಿದೆ. ಎಲಿತ್ಸಾಳ ಜ್ವರ ಮೂವತ್ತೊಂಬತ್ತು ದಾಟಿದೆ, ನೀರನ್ನು ಚಮಚದಲ್ಲಿ ಹಾಕುತ್ತಿದ್ದೇವೆ. “ನೆರಳು ಒಂದು,” ಎಂದ ಕೊನೆಗೆ, ಮೂರು ದಿನದಿಂದ ಹೇಳುತ್ತಿದ್ದ ಅದೇ ಚಪ್ಪಟೆ ದನಿಯಲ್ಲಿ. “ಬೇರೇನಿಲ್ಲ. ಹ್ಞಾ, ಹಗ್ಗದ ಮೇಲಿನ ಕಾಲುಚೀಲ ಒಣಗಿದೆ ಅಂತ ಇವರೆಲ್ಲ ಹಬ್ಬ ಮಾಡ್ತಿದಾರೆ. ಮುಗೀತು.”

ಬಾಗಿಲಲ್ಲಿ ನೆಲೆಯ ಯಜಮಾನ ವ್ರಾಂಚೆವ್ ನಿಂತಿದ್ದ, ಕೈಯಲ್ಲಿ ಆಗತಾನೆ ಬಂದ ಕಂಪ್ಯೂಟರ್ ನಕ್ಷೆ. ಗುರುವಾರದವರೆಗೆ ತೆರವಿಲ್ಲ ಎಂದು ಅದರಲ್ಲಿತ್ತು. ಅವನ ಹಿಂದೆ ಬಾಯ್ ಕೊಯ್ಚೊ. ಅಂದು ಮಾರ್ಚ್ ಒಂದು. ಮುದುಕ ಬೆಳಗಿನಿಂದ ಎಲ್ಲರ ಮುಂಗೈಗೆ, ವಸಂತ ಬರುವ ಶುಭಕ್ಕೆ, ಕೆಂಪು ಬಿಳಿ ದಾರ ಕಟ್ಟುತ್ತಾ ತಿರುಗುತ್ತಿದ್ದ. ಊರಿನಲ್ಲಾದರೆ ಮೊದಲ ಕೊಕ್ಕರೆ ಕಂಡ ದಿನ ಬಿಚ್ಚಿ ಗಿಡಕ್ಕೆ ಕಟ್ಟುತ್ತಾರೆ. ಇಲ್ಲಿ ಗಿಡವೂ ಇಲ್ಲ, ಕೊಕ್ಕರೆಯೂ ಇಲ್ಲ, ಆದರೂ ಕಟ್ಟದೆ ಬಿಟ್ಟರೆ ಅವನಿಗೆ ಸಮಾಧಾನವಿಲ್ಲ.

“ಕೈ ಕೊಡು ತಾಯೀ,” ಎಂದ. “ಇವತ್ತೇನು? ಆಗಬಹುದೋ, ಆಗದಿರಬಹುದೋ?”

“ಬಾಯ್ ಕೊಯ್ಚೊ, ಈಗ ಬೇಡ.”

“ನಾನೇನಂದೆ? ಕೇಳ್ದೆ ಅಷ್ಟೆ. ಆ ಹುಡುಗಿಗೆ ಸೂಪು ಕಾಯಿಸ್ಬೇಕೋ ಬೇಡ್ವೋ ಅಂತ ಯಾರಾದ್ರೂ ಹೇಳ್ಬೇಕಲ್ಲ.”

ಅವಳು ಕೋಟು ಹಾಕಿಕೊಂಡು ಹೊರಗೆ ಬಂದಳು. ಬೆನ್ನ ಹಿಂದೆ ವ್ರಾಂಚೆವ್ ‘ಒಂಬತ್ತಕ್ಕೆ ನನಗೆ ಒಂದು ಮಾತು ಬೇಕು, ಹೌದು ಅಥವಾ ಇಲ್ಲ’ ಎನ್ನುತ್ತಿದ್ದ. ಬಿಳಿಯೊಳಗೆ ಹತ್ತು ಹೆಜ್ಜೆ ನಡೆದು ನಿಂತಳು. ಗಾಳಿ ಮುಖಕ್ಕೆ ಒದ್ದೆ ಬಟ್ಟೆಯಂತೆ ಬಡಿಯುತ್ತಿತ್ತು; ಹುಬ್ಬಿನ ಮೇಲೆ ತೇವ ಕಟ್ಟಿ ಹೆಪ್ಪಾಯಿತು. ಇಲ್ಲಿ ಎಲ್ಲವೂ ಒದ್ದೆ. ಹಾಗಿದ್ದ ಮೇಲೆ ಅಲ್ಲಿ ಕಾಲುಚೀಲ ಹೇಗೆ ಒಣಗಿತು? ಮೂರು ದಿನ ಡೇರೆಯ ಒಳಗೆ ತೊಟ್ಟಿಕ್ಕುತ್ತಿದೆ, ಹಾಸಿಗೆ ಹಿಂಡಬಹುದು ಎಂದು ಗೋಳಾಡಿದವರು, ಇವತ್ತು ಬೆಳಿಗ್ಗೆ ಒಣಗಿದ ಕಾಲುಚೀಲ ಹಾಕಿಕೊಂಡಿದ್ದಾರೆ. ಗಾಳಿ ಬೆಟ್ಟದ ಈ ಮೈಯಲ್ಲಿ ಏರುತ್ತಾ ನೀರನ್ನೆಲ್ಲ ನಮ್ಮ ತಲೆಯ ಮೇಲೆ ಚೆಲ್ಲಿ, ಆಚೆ ಇಳಿಯುವಾಗ ಒಣಗಿ ಬೆಚ್ಚಗಾಗುತ್ತಿದೆ. ಇಳಿಯುವ ಗಾಳಿ ಮೋಡವನ್ನು ತಿನ್ನುತ್ತದೆ. ದೊಡ್ಡ ಬಿರುಗಾಳಿ ಹತ್ತಿರವಾದಷ್ಟೂ ಗಾಳಿ ಬಲಿಯುತ್ತದೆ, ಬಲಿತಷ್ಟೂ ಆಚೆ ಬದಿ ತೆರೆಯುತ್ತದೆ. ಬಿರುಗಾಳಿ ಬಂದೇ ಬಿಟ್ಟಾಗ ಎಲ್ಲ ಮುಚ್ಚುತ್ತದೆ. ನಡುವೆ ಎರಡೂವರೆ ಗಂಟೆ, ಹೆಚ್ಚೆಂದರೆ ಮೂರು. ಕಂಪ್ಯೂಟರ್ ನಕ್ಷೆಗೆ ಇದು ಕಾಣದು, ಅದರ ಒಂದು ಚೌಕದೊಳಗೆ ನಮ್ಮ ಇಡೀ ಬೆಟ್ಟಸಾಲು ಮುಳುಗಿಹೋಗುತ್ತದೆ. ಎದೆ ಒಮ್ಮೆ ಜೋರಾಗಿ ಹೊಡೆದುಕೊಂಡಿತು. ಆ ಹೊಡೆತ ಅವಳಿಗೆ ಪರಿಚಯದ್ದು. ಟೀ ಲೋಟ ಕೆಳಗಿಟ್ಟ ದಿನ ಹೊಡೆದುಕೊಂಡದ್ದೂ ಹೀಗೆಯೇ. ನನ್ನ ಮಾತು ನಿಜವಾಗಲಿ ಎಂದು ಮತ್ತೆ ಕಾಲುಚೀಲಕ್ಕೆ ಜೋತುಬೀಳುತ್ತಿದ್ದೇನೆಯೇ? ಹಲಗೆಯ ಮುಂದೆ ನಕ್ಕವರ ಬಾಯಿ ಮುಚ್ಚಿಸಲು ಜ್ವರದಲ್ಲಿ ಬೇಯುತ್ತಿರುವ ಹೆಂಗಸನ್ನು ಬಿರುಕುಗಳ ಮೇಲೆ ಎಳೆದು ತರಿಸುತ್ತೇನೆಯೇ? ಪ್ರೋದಾನ್ ಒಂದು ಎಂದಿದ್ದಾನೆ. ಅವನ ಲೆಕ್ಕದಲ್ಲಿ ಕಳೆದರೆ ಸೊನ್ನೆ. ಸೊನ್ನೆ ನೆರಳಿನಲ್ಲಿ ಕಾಲುಚೀಲ ಒಣಗಿದ್ದಾದರೂ ಹೇಗೆ? ಹೀಗೆ ಅವಳು ಅಲ್ಲೇ ನಿಂತು ಒಂದನ್ನು ಕಳೆದಳು, ಸೇರಿಸಿದಳು, ಕಳೆದಳು. ಆಗ, ಯಾರೋ ಕಿವಿ ಹಿಂಡಿದ ಹಾಗೆ, ಮೂರು ದಿನದಿಂದ ಕೇಳುತ್ತಿದ್ದ ಆ ಚಪ್ಪಟೆ ದನಿಯ ನೆನಪಾಯಿತು. ಅದು ಆಸೆಯಿದ್ದವನ ದನಿಯಾಗಿರಲಿಲ್ಲ. ಒಂದೂವರೆ ಗಂಟೆ ನಿಂತು ಉತ್ತರ ಕೊಟ್ಟವನ ದನಿ ಅದು.

ಒಳಗೆ ಬಂದು, ಕೋಟು ಬಿಚ್ಚದೆ, ಸ್ತಾನ್ಯೊನ ಕೈಯಿಂದ ಮೈಕು ತೆಗೆದುಕೊಂಡಳು. ವ್ರಾಂಚೆವ್, ಡಾಕ್ಟರು, ಬಾಯ್ ಕೊಯ್ಚೊ ಎಲ್ಲರೂ ಅಲ್ಲೇ ಇದ್ದರು. ಊಟದ ಮನೆಯಲ್ಲೂ ಒಂದು ಧ್ವನಿಪೆಟ್ಟಿಗೆ ಇತ್ತು. ರೇಡಿಯೊದಲ್ಲಿ ಆಡಿದ್ದು ಇಡೀ ನೆಲೆಗೆ ಕೇಳುತ್ತಿತ್ತು.

“ಪ್ರೋದಾನ್, ಒಂದು ಕೇಳ್ತೀನಿ. ನೀನು ಹೇಳಿದ ಒಂದು, ನಿಜವಾಗ್ಲೂ ಒಂದಾ?”

“ಹಾಗಂದ್ರೆ?”

“ಹಾಗಂದ್ರೆ ಏನೂಂತ ನಿಂಗೊತ್ತು.”

“ನಂಗೇನೂ ಗೊತ್ತಿಲ್ಲ ಮೇಡಂ. ಕಣ್ಣಿಗೆ ಕಂಡದ್ದು ಹೇಳಿದೀನಿ. ಬರ್ಕೊಳ್ಳಿ.”

ಹನ್ನೊಂದು ವರ್ಷದಲ್ಲಿ ಅವನು ಅವಳನ್ನು ಮೇಡಂ ಎಂದದ್ದು ಇದೇ ಮೊದಲು. ಬಾಗಿಲು ಹಾಕಿಕೊಂಡುಬಿಟ್ಟಿದ್ದ. ತಾನು ತೆರೆಯದೆ ಅವನು ತೆರೆಯುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು. ಪಕ್ಕದಲ್ಲಿ ಸ್ತಾನ್ಯೊನ ಸಲಾಕೆ ಹಾಕಿದ ಕಾಲು ಮೇಜಿನ ಕೆಳಗೆ ನೀಟಾಗಿ ಚಾಚಿಕೊಂಡಿತ್ತು, ಮಡಚಲು ಬರುತ್ತಿರಲಿಲ್ಲ. ಅದನ್ನೇ ನೋಡುತ್ತಾ ಬಟನ್ ಒತ್ತಿದಳು.

“ಹೋದ ವರ್ಷ ಜನವರಿ ಹತ್ತೊಂಬತ್ತು. ನೀನು ಎರಡು ಅಂದೆ. ಒಂದು ಸೇರಿಸಿ ಹೇಳ್ತಿದೀಯ ಅಂತ ನಂಗೊತ್ತಿತ್ತು. ಯಾವಾಗ್ಲೂ ಗೊತ್ತಿತ್ತು, ಯಾವಾಗ್ಲೂ ನಾನೇ ಕಳೀತಿದ್ದೆ. ಅವತ್ತು ಕಳೀಲಿಲ್ಲ. ಬಂದೋರ ಮುಂದೆ ಹತ್ತಕ್ಕೆ ತೆರೆಯತ್ತೆ ಅಂತ ಜಂಭ ಕೊಚ್ಚಿದ್ದೆ, ಅದು ಸುಳ್ಳಾಗ್ಬಾರ್ದು ಅಂತ ಕಳೀಲಿಲ್ಲ. ನಿನ್ನನ್ನ ನಿಲ್ಲಿಸಿ ಕೇಳ್ತಿದ್ದಾಗ ಮೂರನೇ ಸಾಲಲ್ಲಿ ಬಾಯಿ ಹೊಲ್ಕೊಂಡು ಕೂತಿದ್ದೆ. ಸ್ತಾನ್ಯೊ ಕಾಲು ಮುರಿದಿದ್ದು ನೀನೊಬ್ಬನೇ ಅಲ್ಲ. ಅರ್ಧ ನಾನು. ಅರ್ಧಕ್ಕಿಂತ ಜಾಸ್ತಿ.”

ಊಟದ ಮನೆಯ ಪೆಟ್ಟಿಗೆಯಿಂದ ತನ್ನದೇ ಮಾತಿನ ಕೊನೆ ಕೇಳಿಸಿದ ಹಾಗಾಯಿತು. ನಾಚಿಕೆ ಕುತ್ತಿಗೆಯಿಂದ ಕಿವಿಯವರೆಗೆ ಬಿಸಿಯಾಗಿ ಏರಿತು, ಆದರೆ ಅವಳಿಗೆ ಆಶ್ಚರ್ಯವಾಗುವಂತೆ, ಅದರ ಹಿಂದೆಯೇ ಹಗುರವೂ ಏರಿತು. ಹೇಳಿಬಿಟ್ಟೆ. ಇನ್ನೇನು ಬೇಕಾದರೂ ಆಗಲಿ. ಪ್ರೋದಾನ್ ಯಾಕೆ ಮಾತಾಡುತ್ತಿಲ್ಲ?

“ಬಟನ್ ಬಿಡು,” ಎಂದ ಸ್ತಾನ್ಯೊ, ಅವಳ ಕಡೆ ನೋಡದೆ.

“ಏನು?”

“ಮೈಕಿನ ಬಟನ್. ಒತ್ತಿ ಹಿಡ್ಕೊಂಡೇ ಇದೀಯ. ಅವನು ಹೆಂಗೆ ಮಾತಾಡ್ಬೇಕು?”

ಬಿಟ್ಟಳು. ಕರಕರ. ಮತ್ತೆ ಕರಕರ. “...ಕಳೀತಿದೀನಿ,” ಎಂದ ಪ್ರೋದಾನ್.

“ಎಷ್ಟು?”

“ಒಂದು. ಈ ಸಲ ಬಂದಾಗಿನಿಂದ. ಯಾರೂ ಹೊರಡ್ಬಾರ್ದು ಅಂತ.” ದನಿ ಈಗ ಚಪ್ಪಟೆಯಾಗಿರಲಿಲ್ಲ. “ಬೆಳಿಗ್ಗೆ ಎರಡರ ಹತ್ತಿರ ಇತ್ತು. ಬಂದು ಬಂದು ಹೋಗ್ತಿದೆ.”

“ಅಯ್ಯೋ ಪಾಪಿ! ಎಲಿತ್ಸಾ ಮುಖ ನೋಡ್ಕೊಂಡೂ ಒಂದು ಅಂದೆಯಲ್ಲೋ?”

“ಅವಳ ಮುಖ ನೋಡ್ಕೊಂಡೇ ಅಂದೆ! ಜಾರುಬಂಡಿಗೆ ಕಟ್ಟಿ ಅವಳನ್ನೂ ಬಿರುಕಿಗೆ ಇಳಿಸ್ಲಾ?”

“ಬೆಟ್ಟದ ತುದಿ ಕಾಣ್ತಿದೆಯಾ?”

“ಮಧ್ಯೆ ಮಧ್ಯೆ.”

“ಮೋಡ ಅದರ ಮೇಲೆ ಓಡ್ತಿದೆಯೋ, ನಿಂತಿದೆಯೋ?”

ಅವನು ಡೇರೆಯಿಂದ ಹೊರಗೆ ಹೋದ ಸದ್ದು, ಗಾಳಿ, ಮತ್ತೆ ಒಳಗೆ ಬಂದ ಸದ್ದು. “ನಿಂತಿದೆ. ಟೋಪಿ ಹಾಕ್ದಂಗೆ ಕೂತುಬಿಟ್ಟಿದೆ. ಕೆಳಗಿನ ಅಂಚು ಕತ್ತರಿಸಿದಂಗಿದೆ.”

ಅಷ್ಟು ಸಾಕಾಗಿತ್ತು: ಗಾಳಿ ಆಚೆ ಬದಿಗೆ ಇಳಿಯುತ್ತಿದ್ದರೆ ಮಾತ್ರ ಮೋಡ ಹಾಗೆ ತುದಿಯಲ್ಲೇ ನಿಲ್ಲುತ್ತದೆ. ಕಾಲುಚೀಲ ಅವಳ ಆಸೆಯಲ್ಲ, ಟೋಪಿ ಅವಳ ಆಸೆಯಲ್ಲ, ಕಳೆದ ಒಂದು ಅವಳ ಆಸೆಯಲ್ಲ. ಅವಳಿಗೆ ಈಗ ಆಸೆಪಡಲು ಏನೂ ಉಳಿದಿರಲಿಲ್ಲ. ಇದ್ದ ಮರ್ಯಾದೆಯನ್ನು ಆಗತಾನೆ ಇಡೀ ನೆಲೆಯ ಮುಂದೆ ಹರವಿಹಾಕಿದ್ದಳು. “ಬರ್ಕೋ,” ಎಂದಳು. “ಹನ್ನೊಂದೂವರೆಗೆ ಎರಡು. ಹನ್ನೆರಡಕ್ಕೆ ಮೂರು. ಎರಡು ಗಂಟೆಗೆ ಸೊನ್ನೆ, ಆಮೇಲೆ ಬಿರುಗಾಳಿ. ಗಾಡಿ ಬಿಸಿ ಮಾಡಿ, ಎಲಿತ್ಸಾನ ಬಂಡಿಗೆ ಹಾಕಿ ಸಿದ್ಧವಾಗಿರಿ. ನೆರಳು ಬಂದ ತಕ್ಷಣ ಹೊರಡಿ.”

ವ್ರಾಂಚೆವ್ ನಕ್ಷೆಯನ್ನು ಎತ್ತಿ ಹಿಡಿದ. “ಇದು ಗುರುವಾರ ಅನ್ನತ್ತೆ. ನಿಮ್ಮದು ಎಷ್ಟು ಸಾಧ್ಯತೆ?”

“ಸಾಧ್ಯತೆ ಗೀಧ್ಯತೆ ಏನಿಲ್ಲ ಯಜಮಾನ್ರೇ. ತೆರೆಯತ್ತೆ.”

“ಸಹಿ ಹಾಕ್ತೀರಾ?”

ಹಾಕಿದಳು. ಈ ವರ್ಷದ ಸಹಿಗಳೆಲ್ಲ ಹಾಳೆಯ ಮೂಲೆಯಲ್ಲಿ ಇರುವೆಯಷ್ಟಿದ್ದವು. ಇದು ಎರಡು ಚೌಕ ದಾಟಿ ಹೋಯಿತು. ವ್ರಾಂಚೆವ್ ಅದನ್ನೇ ನೋಡುತ್ತಾ, ನಮ್ಮೂರಿನವರು ಒಪ್ಪುವ ರೀತಿಯಲ್ಲಿ, ತಲೆಯನ್ನು ಅಡ್ಡಡ್ಡ ಆಡಿಸಿದ.

ಕಾಯುವುದು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು ಎಂದುಕೊಂಡಿದ್ದಳು, ಗೊತ್ತಿರಲಿಲ್ಲ. ನೆಲೆಯಿರುವುದು ಬೆಟ್ಟದ ಒದ್ದೆ ಬದಿಯಲ್ಲಿ, ಇಲ್ಲಿ ಏನೇ ಆದರೂ ತೆರೆಯುವುದಿಲ್ಲ. ತನ್ನ ಮಾತು ನಿಜವಾದರೂ ತನ್ನ ಕಣ್ಣಿಗೆ ಕಾಣದು. ಕಿಟಕಿಯಲ್ಲಿ ಅದೇ ಬಿಳಿ, ಅದೇ ಇಲ್ಲದ ಪೀಪಾಯಿಗಳು. ಹತ್ತೂವರೆಗೆ ಪ್ರೋದಾನ್ ‘ಸೊನ್ನೆ’ ಎಂದ. ಹನ್ನೊಂದಕ್ಕೆ ‘ಒಂದು, ನಿಜವಾದ ಒಂದು’ ಎಂದ. ಸ್ತಾನ್ಯೊ ಒಂದೊಂದನ್ನೂ ಬರೆದುಕೊಂಡ, ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಅವಳಿಗೆ ಅವನ ಕಿವಿ ಮಾತ್ರ ಕಾಣುತ್ತಿತ್ತು, ಕಿವಿ ಕೆಂಪಗಿತ್ತು. ಹೆಡ್‌ಫೋನ್ ಒತ್ತಿ ಕೆಂಪಗಾಗಿತ್ತೋ, ಸಿಟ್ಟಿಗೋ ಯಾರಿಗೆ ಗೊತ್ತು. ಹನ್ನೊಂದೂವರೆ. ‘ಒಂದು.’ ವ್ರಾಂಚೆವ್ ಗಡಿಯಾರ ನೋಡಿದ, ಅವಳನ್ನು ನೋಡಿದ, ಮತ್ತೆ ಗಡಿಯಾರ ನೋಡಿದ. ಬಾಯ್ ಕೊಯ್ಚೊ ಬಾನಿತ್ಸಾದ ಒಂದು ತುಂಡನ್ನು ಅವಳ ಮುಂದಿಟ್ಟು, ಏನೂ ಹೇಳದೆ ಹೋದ. ಮುದುಕ ಏನೂ ಹೇಳದೆ ಹೋದದ್ದು ಅವಳನ್ನು ಯಾವ ಕುಹಕಕ್ಕಿಂತ ಹೆಚ್ಚು ಹೆದರಿಸಿತು. ಹನ್ನೊಂದು ನಲವತ್ತು. ‘ಒಂದು.’ ತಪ್ಪಾಗಿದ್ದರೆ ಅವರು ಹೊರಡುವುದಿಲ್ಲ, ಅಷ್ಟೇ, ಯಾರ ಕಾಲೂ ಮುರಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ತಕ್ಷಣವೇ, ಹೊರಡದಿದ್ದರೆ ಎಲಿತ್ಸಾ ಇದ್ದಾಳಲ್ಲ ಎಂದು ನೆನಪಾಗಿ, ತನ್ನ ಸಮಾಧಾನಕ್ಕೆ ತನಗೇ ಹೇಸಿಗೆಯಾಯಿತು.

“ಎರಡು,” ಎಂದ ಪ್ರೋದಾನ್. ಹನ್ನೊಂದು ನಲವತ್ತೊಂಬತ್ತು. “ತಡಿ. ತಡಿ ತಡಿ. ಎಲಾ ಇವನ! ನೇದ್ಯಾ, ಮೂರು! ಸಲಿಕೆ ಹಿಡಿಗೆ ಸುತ್ತಿರೋ ಟೇಪಿನ ಅಂಚಿಗೂ ನೆರಳಿದೆ! ಹಿಮನದಿ ಪೂರ್ತಿ ಕಾಣ್ತಿದೆ, ಒಂದೊಂದು ಬಿರುಕೂ ಗೆರೆ ಎಳೆದಂಗೆ!”

ಊಟದ ಮನೆಯಿಂದ ಕೂಗು ಕೇಳಿಸಿತು. ಪ್ರೋದಾನನ ದನಿ ಮತ್ತೆ ತಗ್ಗಿತು. “ಇಪ್ಪತ್ತು ನಿಮಿಷ ತಡವಾಗಿ ಬಂದಿದೆ. ಹೋಗೋದೂ ಇಪ್ಪತ್ತು ನಿಮಿಷ ತಡವಾಗಿ ಹೋಗತ್ತಾ?”

ಹೌದು ಎನ್ನಬಹುದಿತ್ತು. ಅವನಿಗೆ ಧೈರ್ಯ ಬರುತ್ತಿತ್ತು, ಕೋಣೆಯಲ್ಲಿ ಎಲ್ಲರ ಮುಖ ಸಡಿಲವಾಗುತ್ತಿತ್ತು. “ಇಲ್ಲ,” ಎಂದಳು. “ಎರಡಕ್ಕೇ ಮುಚ್ಚತ್ತೆ. ನಿನಗೆ ಎರಡು ಗಂಟೆ ಹತ್ತು ನಿಮಿಷ ಇದೆ, ಬಂಡಿ ಎಳ್ಕೊಂಡು ಎರಡು ಗಂಟೆ ದಾರಿ. ಡೇರೆ ಬಿಟ್ಟು ಬಾ. ಹೊರಡು.”

ಅವನು ಹೊರಟ. ಇನ್ನು ಅವನು ಗಾಡಿ ನಿಲ್ಲಿಸಿದಾಗ ಮಾತ್ರ ಮಾತು. ಹನ್ನೆರಡೂ ಹತ್ತು: ಮೂರು. ಹನ್ನೆರಡೂವರೆ: ಮೂರು, ಎಲಿತ್ಸಾ ಎಚ್ಚರವಾಗಿದ್ದಾಳೆ. ಒಂದಕ್ಕೆ ಐದು ನಿಮಿಷವಿರುವಾಗ ಅವನು ಮತ್ತೆ ಗಾಡಿ ನಿಲ್ಲಿಸಿದ. “ಸ್ತಾನ್ಯೊ ಬಿದ್ದ ಜಾಗ ಬಂತು,” ಎಂದ. “ಬಾಯಿ ಅಗಲಿಸಿಕೊಂಡು ಬಿದ್ದಿದೆ. ಹೇಗೆ ಕಾಣ್ತಿದೆ ಅಂತೀಯ, ನೀಲಿ ಮಸಿಯಲ್ಲಿ ಬರೆದಂಗೆ. ಎಡಕ್ಕೆ ಸುತ್ತಿ ಹೋಗ್ತೀನಿ, ಹತ್ತಿರ ಆಗತ್ತೆ.”

ಸ್ತಾನ್ಯೊ ಹೆಡ್‌ಫೋನ್ ಕಿತ್ತೆಸೆದು, ಅವಳ ಕೈಯಿಂದ ಮೈಕು ಕಸಿದುಕೊಂಡ. “ಎಡಕ್ಕೆ ಬೇಡ! ಕೇಳಿಸ್ತಾ? ಎಡಗಡೆ ಒಳಗೆ ಟೊಳ್ಳು, ನಾನು ಕೆಳಗಿಂದ ನೋಡಿದೀನಿ, ಮೂರು ಗಂಟೆ ಹೊತ್ತು ಅದನ್ನೇ ನೋಡ್ತಾ ಬಿದ್ದಿದ್ದೆ. ಬಲಕ್ಕೆ ಹೋಗು. ದೂರ ಆದ್ರೂ ಬಲಕ್ಕೆ.”

“ನೆರಳು ಎಡಕ್ಕೆ ಏನೂ ತೋರಿಸ್ತಿಲ್ಲ ಕಣೋ.”

“ನೆರಳಿಗೇನು ಗೊತ್ತು? ಬಿದ್ದೋನು ನಾನು!”

“ಬಲಕ್ಕೆ ಹೋದ್ರೆ ಹತ್ತು ನಿಮಿಷ ಜಾಸ್ತಿ.” ಆ ಹತ್ತು ನಿಮಿಷ ಯಾರದ್ದೆಂದು ಎಲ್ಲರಿಗೂ ಗೊತ್ತಿತ್ತು. ಸ್ತಾನ್ಯೊ ಮೊದಲ ಸಲ ಅವಳ ಕಡೆ ತಿರುಗಿದ. ಕಣ್ಣಲ್ಲಿ ಕ್ಷಮೆ ಗಿಮೆ ಏನೂ ಇರಲಿಲ್ಲ, ಪ್ರಶ್ನೆ ಇತ್ತು. ಅವಳು ಗೋಡೆಯ ವಾಯುಭಾರದ ಗೆರೆಯನ್ನು ನೋಡಿದಳು, ಗಾಳಿಯ ಮುಳ್ಳನ್ನು ನೋಡಿದಳು. ಬಿರುಗಾಳಿ ಹೇಳಿದ ಹೊತ್ತಿಗೇ ಬರುತ್ತಿತ್ತು, ಒಂದು ನಿಮಿಷ ಮುಂಚೆಯೂ ಅಲ್ಲ. “ಹತ್ತು ನಿಮಿಷ ಇದೆ,” ಎಂದಳು. “ಹನ್ನೊಂದಿಲ್ಲ. ಬಲಕ್ಕೆ ಹೋಗ್ಲಿ.”

ಮುಂದಿನ ಒಂದು ಗಂಟೆ ಹೇಗೆ ಕಳೆಯಿತೆಂದು ಕೇಳಿದರೆ ಅವಳು ಹೇಳಲಾರಳು. ಬಾನಿತ್ಸಾದ ತಟ್ಟೆ ಖಾಲಿಯಾಗಿತ್ತು, ತಿಂದವರು ಯಾರೋ. ಬೆಟ್ಟದ ಕಣಿವೆಯಿಂದ ಈಚೆಗೆ, ಕೊನೆಯ ಎರಡು ಕಿಲೋಮೀಟರ್, ಬಿದಿರುಕೋಲು ನೆಟ್ಟ ದಾರಿ. ಅಲ್ಲಿ ಬಿರುಕಿಲ್ಲ, ಕಣ್ಣು ಕಟ್ಟಿಕೊಂಡು ಬಂದರೂ ಆದೀತು. ಮೊದಲ ಕೋಲು ಮುಟ್ಟಿದರೆ ಗೆದ್ದಂತೆ. ಒಂದೂ ಐವತ್ತಕ್ಕೆ ಸದ್ದಿಲ್ಲ. ಒಂದೂ ಐವತ್ತೈದಕ್ಕೆ ಸದ್ದಿಲ್ಲ. ಎರಡಕ್ಕೆ ಎರಡು ನಿಮಿಷವಿತ್ತು.

“ಕೋಲು,” ಎಂದಿತು ರೇಡಿಯೊ. “ಮೊದಲನೇ ಕೋಲು ಕೈಯಲ್ಲಿ ಹಿಡ್ಕೊಂಡಿದೀನಿ. ನಾಲ್ಕೂ ಜನ ಇದೀವಿ.” ಆಮೇಲೆ, “ನೇದ್ಯಾ, ಈಗ ಹಿಂದೆ ತಿರುಗಿ ನೋಡ್ದೆ. ಹಿಮನದಿ ಇಲ್ಲ. ಮುಚ್ಚಿಬಿಡ್ತು. ನನ್ನ ಗಾಡಿಯ ಜಾಡೂ ಕಾಣ್ತಿಲ್ಲ. ಗಂಟೆ ಎಷ್ಟು?”

“ಎರಡು,” ಎಂದಳು ನೇದ್ಯಾಲ್ಕಾ. “ಎರಡು ಕಣೋ!” ಎಂದು ಇನ್ನೊಂದು ಸಲ, ಚೀರಿದಳು.

ಡಾಕ್ಟರು ವ್ರಾಂಚೆವ್‌ನನ್ನು ತಬ್ಬಿಕೊಂಡರು, ವ್ರಾಂಚೆವ್ ನಕ್ಷೆಯನ್ನು ಉಂಡೆ ಮಾಡಿ ಚಾವಣಿಗೆ ಎಸೆದ. ಬಾಯ್ ಕೊಯ್ಚೊ ಸೌಟು ಹಿಡಿದೇ ಓಡಿ ಬಂದು ಅವಳ ಎರಡೂ ಕೆನ್ನೆಗೆ ಹಿಟ್ಟು ಮೆತ್ತುವಂತೆ ಮುತ್ತಿಟ್ಟ. “ನನ್ನ ತಾಯಿ! ನಿಮಿಷಕ್ಕೆ ನಿಮಿಷ! ಇವಳಿಗೆ ಬುಧವಾರ ಅಂದೋನ ಕೈ ಸೇದಿಹೋಗ್ಲಿ!” ಎಂದ. ಅದು ನಿನ್ನ ಕೈಯೇ ಎಂದು ಯಾರೋ ಹೇಳಿದರು, ಸೇದಿಹೋಗ್ಲಿ ಬಿಡು ಎಂದ.

ಅರ್ಧ ಗಂಟೆಯಲ್ಲಿ ಬಿಳಿಯೊಳಗಿನಿಂದ ಗಾಡಿಯ ಸದ್ದು ಬಂತು, ಆಮೇಲೆ ದೀಪ, ಆಮೇಲೆ ಪ್ರೋದಾನ್, ಗಡ್ಡದ ತುಂಬ ಮಂಜು. ಬಂಡಿಯಲ್ಲಿ ಮಲಗಿದ್ದ ಎಲಿತ್ಸಾಳ ಮುಖ ಒಂದು ಬದಿಗೆ ಕುಂಬಳಕಾಯಿಯಾಗಿತ್ತು. ಹಲ್ಲಿನ ಸಂದಿಯಿಂದ ಏನೋ ಹೇಳಿದಳು. ಡಾಕ್ಟರು ಬಗ್ಗಿ ಕಿವಿಗೊಟ್ಟು, ಅಡುಗೆಗೇನಿದೆ ಎಂದು ಕೇಳುತ್ತಿದ್ದಾಳೆ ಎಂದರು. “ಸೂಪಿದೆ ಮಗಳೇ, ಹಲ್ಲೇ ಬೇಡ,” ಎಂದು ಬಾಯ್ ಕೊಯ್ಚೊ ಅಲ್ಲೇ ಅಳತೊಡಗಿದ. ಪ್ರೋದಾನ್ ನೇದ್ಯಾಲ್ಕಾಳ ಎದುರು ಬಂದು ನಿಂತ. ಕೈಗವಸು ತೆಗೆದು, ಅವಳ ಟೋಪಿಯನ್ನು ಕಣ್ಣಿನವರೆಗೆ ಎಳೆದುಬಿಟ್ಟು, ನಗುತ್ತಾ ಬಂಡಿಯ ಹಿಂದೆ ಹೋದ. ನಾಲ್ಕಕ್ಕೆ ದೋಣಿ ಎಲಿತ್ಸಾಳನ್ನೂ ಡಾಕ್ಟರನ್ನೂ ಹಡಗಿಗೆ ಮುಟ್ಟಿಸಿತು. ಐದಕ್ಕೆ ಮಂಜಿನೊಳಗಿಂದ ಮೂರು ಸಲ ಹಡಗಿನ ಕೂಗು ಕೇಳಿತು, ಮೊದಲ ಬಿರುಸು ಗಾಳಿ ಆಗಲೇ ತಗಡುಗಳನ್ನು ಬಡಿಯತೊಡಗಿತ್ತು.

ಎಲ್ಲರೂ ಒಳಗೆ ಹೋದ ಮೇಲೂ ಅವಳು ದಂಡೆಯಲ್ಲೇ ನಿಂತಿದ್ದಳು. ಏನೂ ಕಾಣದ ಬಿಳಿಗೆ ಮುಖ ಮಾಡಿ, ಯಾರೂ ಇಲ್ಲವೆಂದುಕೊಂಡು, “ಹೇಳಿದ್ದೆ! ನಾನು ಹೇಳಿದ್ದೆ!” ಎಂದು ಎದೆ ಬಿರಿಯುವಂತೆ ಕೂಗಿದಳು. ಅಷ್ಟು ಸಂತೋಷ ಅವಳಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಹಿಂದೆ ಕಲ್ಲು ಜಾರಿದ ಸದ್ದಾಯಿತು. ಸ್ತಾನ್ಯೊ, ಊರುಗೋಲು ಮರೆತು ಬಂದವನು, ಕಾಲೆಳೆಯುತ್ತಾ ಬಂದು ಆಸರೆಗೆ ಅವಳ ತೋಳನ್ನೇ ಹಿಡಿದುಕೊಂಡ. ಹಿಡಿತ ಮೆತ್ತಗಿರಲಿಲ್ಲ.

“ನಿನ್ನ ಮೇಲೆ ನಂಗೆ ಭಾರೀ ಸಿಟ್ಟಿದೆ,” ಎಂದ.

“ಗೊತ್ತು.”

“ಇವತ್ತು ಬೇಡ. ಇವತ್ತು ಖುಷಿಯಾಗಿದೀನಿ, ಸರಿಯಾಗಿ ಬೈಯಕ್ಕಾಗಲ್ಲ. ಬೆಳಿಗ್ಗೆ ಶುರು ಮಾಡ್ತೀನಿ. ಈ ಗಾಳಿ ಎಲ್ಲೀವರೆಗೂ ಇರತ್ತೆ?”

“ನಾಡಿದ್ದು ಮಧ್ಯಾಹ್ನ ಮೂರರವರೆಗೆ.”

“ಖಂಡಿತಾ?”

“ಖಂಡಿತಾ. ಅಲ್ಲೀವರೆಗೂ ನಾವಿಬ್ಬರೂ ಎಲ್ಲೂ ಹೋಗೋಹಾಗಿಲ್ಲ.”

“ಅಷ್ಟು ಹೊತ್ತು ಸಾಕು,” ಎಂದ ಸ್ತಾನ್ಯೊ. “ನಡಿ, ಸೂಪು ಆರತ್ತೆ.”